ನೋಂದಣಿ ಮಾಡಿಸಿ, ಹಣ ಕೇಳಿ

ಕೊಪ್ಪಳ ಜಿಲ್ಲೆಯಲ್ಲಿ ಮಾನಸಿಕ ಕಾಯಿಲೆಯವರನ್ನು ನೋಡಿಕೊಳ್ಳುವ ಸಂಸ್ಥೆಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು, ಆಮೇಲೆ ತಮ್ಮ ಸೇವೆಗೆ ಸರ್ಕಾರದ ಹಣವನ್ನು ಹಕ್ಕಿನಿಂದ ಕೇಳಬೇಕು ಎಂಬುದು ನನ್ನ ವಾದ. ಇದನ್ನು ಒಪ್ಪದವರಲ್ಲಿ ಬಹಳಷ್ಟು ಜನ ರೋಗಿಗಳ ಮೇಲೆ ನಿಜವಾದ ಕಾಳಜಿ ಇಟ್ಟವರೇ. ಅದಕ್ಕೇ ಅವರ ಮಾತಿಗೆ ಉತ್ತರ ಕೊಡಲೇಬೇಕು.

ಕಾಯ್ದೆ ಬಿಗಿಯಾದರೆ ಸಣ್ಣ ಕೇಂದ್ರಗಳು ಬಾಗಿಲು ಹಾಕುತ್ತವೆ, ರೋಗಿಯನ್ನು ಮತ್ತೆ ಮನೆಯ ಕಂಬಕ್ಕೆ ಕಟ್ಟುತ್ತಾರೆ ಎನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಓದಿದರೆ ಈ ಭಯದ ಬಹುಪಾಲು ಇಳಿಯುತ್ತದೆ. ರೋಗಿ ತನ್ನವರ ಜೊತೆ ಇರುವ ಮನೆ ಅದರ ನೋಂದಣಿಗೆ ಒಳಪಡುವುದಿಲ್ಲ. 65ನೇ ಕಲಮು ರೋಗಿಯನ್ನು ಇರಿಸಿಕೊಂಡು ಆರೈಕೆ ಮಾಡುವ ಜಾಗಗಳಿಗೆ ಸಂಬಂಧಿಸಿದ್ದು. ತಾತ್ಕಾಲಿಕ ನೋಂದಣಿಯನ್ನು ಮುಂಚಿತ ತನಿಖೆ ಇಲ್ಲದೆ ಹತ್ತು ದಿನದೊಳಗೆ ಕೊಡಬೇಕು, ಅದು 12 ತಿಂಗಳು ನಡೆಯುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಇ-ಮಾನಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಯಾರನ್ನೂ ಇರಿಸಿಕೊಳ್ಳದೆ ಮನೆಮನೆಗೆ ಹೋಗುವ ಸಂಸ್ಥೆಯಾದರೆ ತನ್ನ ಮನೋರೋಗ ಸಮಾಜ ಕಾರ್ಯಕರ್ತರನ್ನೂ ನರ್ಸ್‌ಗಳನ್ನೂ ಪ್ರಾಧಿಕಾರದ ಪಟ್ಟಿಗೆ ಸೇರಿಸಲಿ.

ಆದರೂ ಕೆಲವು ಕೇಂದ್ರಗಳು ಮುಚ್ಚಬಹುದು. ಮುಚ್ಚಲಿ. ಕುಡಿತ, ಮಾದಕ ವಸ್ತುಗಳಿಂದ ಬರುವ ತೊಂದರೆಯನ್ನೂ ಈ ಕಾಯ್ದೆ ಮಾನಸಿಕ ಕಾಯಿಲೆ ಎಂದೇ ಪರಿಗಣಿಸುತ್ತದೆ. ಹಾಗಾಗಿ ಕುಡಿತ ಬಿಡಿಸುತ್ತೇವೆಂದು ಬೋರ್ಡು ಹಾಕಿ ಜನರನ್ನು ಇರಿಸಿಕೊಳ್ಳುವವರೂ ಇದರೊಳಗೆ ಬರುತ್ತಾರೆ. ವೈದ್ಯರಿಲ್ಲದೆ ಬೀಗ ಹಾಕಿ ಹೊಡೆಯುವ ಜಾಗ ಸಣ್ಣದೆಂಬ ಕಾರಣಕ್ಕೆ ಉಳಿಯಬೇಕಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾರದೆ ಹೋದರು. ಸತ್ತವರು 28 ಮಂದಿ. ಸರಪಳಿ ಹಾಕುವುದನ್ನು ಕಾಯ್ದೆ ಈಗ ಪೂರ್ತಿ ನಿಷೇಧಿಸಿದೆ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ಎರಡನೆಯ ಮಾತು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆಯಲ್ಲ, ಸರ್ಕಾರವೇ ಮಾಡಲಿ. ಆ ಕಾರ್ಯಕ್ರಮದ ಬಗ್ಗೆ ನಮ್ಮ ಭಾಗದವರಿಗೆ ಹೆಮ್ಮೆ ಇರಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ತುಂಗಭದ್ರೆಯ ಆಚೆ ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ಏರ್ಪಾಡೂ ಆಯಿತು. ಆದರೆ ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಮನೆಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುತ್ತವೆ. ರೋಗಿಯನ್ನು ಜೊತೆಗೆ ಕರೆದೊಯ್ದರೆ ಗುಳಿಗೆ ಮುಗಿಯುತ್ತದೆ, ಹೊಸ ಊರಿನಲ್ಲಿ ಚೀಟಿ ಬರೆಸಲು ಕೂಲಿ ಬಿಡಬೇಕು. ಮುದುಕರ ಹತ್ತಿರ ಬಿಟ್ಟು ಹೋದರೆ ಮಂಗಳವಾರ ಬಸ್ಸು ಹತ್ತಿಸುವವರಿಲ್ಲ. ಎರಡರಲ್ಲೂ ಔಷಧ ತಪ್ಪುತ್ತದೆ, ಕಾಯಿಲೆ ಮರುಕಳಿಸುತ್ತದೆ. ಹೊರಡುವ ವಾರ ಗೊತ್ತಿರುವವಳು, ಮೇಸ್ತ್ರಿಯ ಫೋನ್ ನಂಬರ್ ಬರೆದಿಟ್ಟುಕೊಂಡವಳು, ಗುಳಿಗೆ ಕಟ್ಟಿಕೊಟ್ಟು ತಿಂಗಳಿಗೊಮ್ಮೆ ವಿಚಾರಿಸುವವಳು ಬೇಕು. ಅಂಥವಳು ಅದೇ ಊರಿನ ಕಾರ್ಯಕರ್ತೆಯೇ ಆಗಬೇಕು. ಭತ್ತದ ಗಂಗಾವತಿಯಲ್ಲಿ ಕಷ್ಟ ಬೇರೆ: ಅಲ್ಲಿಗೆ ಕೂಲಿ ಹುಡುಕಿ ಬಂದವರಿಗೆ ಊರಿನ ಆಸರೆಯೇ ಇರುವುದಿಲ್ಲ.

ದೇವರು, ದರ್ಗಾ, ಬಂಧುಬಳಗ ಸಾಕು ಎನ್ನುವವರಿಗೆ ಇಷ್ಟೇ: ಹುಲಿಗೆಮ್ಮನಿಗೆ ಹೊತ್ತ ಹರಕೆ ತೀರಿಸಿ, ಗುಳಿಗೆಯನ್ನೂ ಕೊಡಿ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಸರ್ಕಾರದ ದುಡ್ಡು ಮುಟ್ಟಿದ ಸಂಸ್ಥೆ ಗುತ್ತಿಗೆದಾರನಾಗುತ್ತದೆ, ಅರ್ಧ ಆಯುಷ್ಯ ಕಡತ ತುಂಬುವುದರಲ್ಲಿ ಹೋಗುತ್ತದೆ, ಬಿಲ್ಲು ವರ್ಷ ಕಳೆದರೂ ಬರುವುದಿಲ್ಲ ಎಂಬುದು. ಬಿಲ್ಲು ತಡವಾಗುವುದು ನಿಜ. ಆದರೆ ದಾನಿಗಳ ಯೋಜನೆಗೆ ಅವಧಿ ಇದೆ, ಸ್ಕಿಜೋಫ್ರೇನಿಯಾಕ್ಕೆ ಹಾಗೆ ಅವಧಿ ಇಲ್ಲ. ಮಾನಸಧಾರ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಂದ ಹಗಲಿನ ಆರೈಕೆ ಕೇಂದ್ರ ನಡೆಸಲು ಸರ್ಕಾರ ಒಪ್ಪಿದೆ ಎಂದ ಮೇಲೆ ತತ್ವದ ಜಗಳ ಮುಗಿಯಿತು. ಉಳಿದದ್ದು ದರ ಮತ್ತು ಗಡುವಿನ ಜಗಳ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷೆ ಇದೆ, ಆದರೆ ಅದರ ಲೆಕ್ಕ ಹೆಚ್ಚಾಗಿ ಆಸ್ಪತ್ರೆಯ ಹಾಸಿಗೆಯ ಸುತ್ತ. ರೋಗಿ ಆಸ್ಪತ್ರೆ ಸೇರದಂತೆ ನೋಡಿಕೊಂಡವಳಿಗೆ ಅದರಲ್ಲಿ ಜಾಗವಿಲ್ಲ.

ಅಂಥ ಕೆಲಸಕ್ಕೂ ದರ ಕಟ್ಟಬಹುದು ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ನೋಡಿ. ಅಮೆರಿಕದಲ್ಲಿ ಬಡವರ ಚಿಕಿತ್ಸೆಗೆ 1965ರಿಂದ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆ ಇದೆ. 2014ರ ಕಾನೂನಿನಂತೆ ಅಲ್ಲಿ ಸಮುದಾಯದ ಮಾನಸಿಕ ಚಿಕಿತ್ಸಾ ಕೇಂದ್ರಗಳಿಗೆ ಪ್ರಮಾಣಪತ್ರ ಕೊಡುವ ಪ್ರಯೋಗ ಶುರುವಾಯಿತು. ಆ ಪ್ರಮಾಣಪತ್ರ ಪಡೆದ ಕೇಂದ್ರ ದುಡ್ಡಿಲ್ಲದವರನ್ನು ಹಿಂದಕ್ಕೆ ಕಳಿಸುವಂತಿಲ್ಲ, ತುರ್ತು ನೆರವು ಹಗಲು ರಾತ್ರಿ ಕೊಡಬೇಕು. ಬದಲಿಗೆ ಮೆಡಿಕೇಡ್ ಅಡಿಯಲ್ಲಿ ಒಟ್ಟು ಖರ್ಚು ನೋಡಿ, ದಿನಕ್ಕೋ ತಿಂಗಳಿಗೋ ಇಷ್ಟು ಎಂದು ದರವನ್ನು ಮೊದಲೇ ನಿಗದಿ ಮಾಡುತ್ತಾರೆ. ಅಲ್ಲೂ ಕಾಗದದ ಕಾಟ ಕಡಿಮೆಯಿಲ್ಲ. ಆದರೆ ಮನೆಭೇಟಿ, ಫೋನು, ಕುಟುಂಬದ ಜೊತೆಗಿನ ಮಾತು ಸಂಬಳ ಕೊಡಬೇಕಾದ ಕೆಲಸ ಎಂದು ಆ ದರ ಒಪ್ಪಿಕೊಳ್ಳುತ್ತದೆ.

ಜಿಲ್ಲೆಯ ಏಳೂ ತಾಲ್ಲೂಕಿನ ಸಂಸ್ಥೆಗಳು ಕೂಡಿ ಕೇಳಬೇಕಾದದ್ದೂ ಇದನ್ನೇ: ಒಬ್ಬ ರೋಗಿಯ ತಿಂಗಳ ಆರೈಕೆಗೆ ಒಂದು ದರ, ಗುಳೆ ಹೋದ ತಿಂಗಳುಗಳೂ ಅದರಲ್ಲಿ ಸೇರಬೇಕು, ಬಿಲ್ಲು ಪಾವತಿಗೆ ಬರಹದಲ್ಲಿ ಗಡುವು ಇರಬೇಕು. ನೋಂದಣಿ ಇಲ್ಲದೆ ಹೋದರೆ ನೀವು ಯಾರು ಎಂಬ ಮೊದಲ ಪ್ರಶ್ನೆಯಲ್ಲೇ ಅಧಿಕಾರಿಗಳು ನಮ್ಮನ್ನು ವಾಪಸ್ ಕಳಿಸುತ್ತಾರೆ.