ಚಿತ್ರ ಕೊಟ್ಟರೆ ಸಾಲದು, ಅನುಮತಿಯೂ ಬೇಕು

ಡೊಂಬಿವಲಿ, ಥಾಣೆಗಳಿಂದ ಘಣಸೋಲಿಯವರೆಗೆ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಹಳೆಯ ಛಾಯಾಚಿತ್ರಗಳಿಗೆ ಬರವಿಲ್ಲ. ರಾತ್ರಿ ಶಾಲೆಯ ವಿದ್ಯಾರ್ಥಿಗಳು, ವೇಷ ಕಟ್ಟಿ ನಿಂತ ಯಕ್ಷಗಾನ ಕಲಾವಿದರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಹಿರಿಯರು - ಹೀಗೆ ಒಂದು ಸಮಾಜದ ಬದುಕೇ ಆ ಆಲ್ಬಮ್‌ಗಳಲ್ಲಿ ಅಡಗಿದೆ. ಇವನ್ನು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ, ಅಂದರೆ ಅಂತರಜಾಲದ ವಿಶ್ವಕೋಶಕ್ಕೆ, ಸೇರಿಸಹೊರಟವರಿಗೆ ಮೊದಲು ಎದುರಾಗುವುದು ಅನುಮತಿಯ ಪ್ರಶ್ನೆ.

“ಧಾರಾಳವಾಗಿ ಹಾಕಿಕೊಳ್ಳಿ” ಎಂಬ ಬಾಯಿಮಾತು ಸೌಜನ್ಯವೇ ಹೊರತು ಅನುಮತಿಯಲ್ಲ. ವಿಶ್ವಕೋಶಕ್ಕೆ ಚಿತ್ರಗಳನ್ನು ಒದಗಿಸುವ ವಿಕಿಮೀಡಿಯ ಕಾಮನ್ಸ್ ಭಂಡಾರವು “ವಿಕಿಪೀಡಿಯದಲ್ಲಿ ಮಾತ್ರ ಬಳಸಬಹುದು” ಎಂಬ ಒಪ್ಪಿಗೆಯನ್ನೂ ಸ್ವೀಕರಿಸುವುದಿಲ್ಲ. ಹಕ್ಕುದಾರರು ಕ್ರಿಯೇಟಿವ್ ಕಾಮನ್ಸ್‌ನಂತಹ ಮುಕ್ತ ಪರವಾನಗಿಯನ್ನು ಹೆಸರಿಸಿ ಲಿಖಿತವಾಗಿ ತಿಳಿಸಬೇಕು. ಆ ಬಳಿಕ ಛಾಯಾಗ್ರಾಹಕರ ಹೆಸರನ್ನು ನಮೂದಿಸಿ ಯಾರೂ ಅದನ್ನು ಬಳಸಬಹುದು. ಮಾರುವ ಪುಸ್ತಕದಲ್ಲಿಯೂ ಅಚ್ಚುಹಾಕಬಹುದು. ಇದು ಕಠಿಣವೆನಿಸಿದರೂ ನ್ಯಾಯವಾದುದೇ. ಐವತ್ತು ವರ್ಷಗಳ ಅನಂತರ ಪಠ್ಯಪುಸ್ತಕ ಬರೆಯುವವನು ಯಾರ ಬಾಗಿಲು ತಟ್ಟಿಯಾನು?

ಹಕ್ಕುದಾರರು ಯಾರು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಚಿತ್ರದ ಪ್ರತಿ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಸಾಮಾನ್ಯವಾಗಿ ಚಿತ್ರ ತೆಗೆದವರೇ ಹಕ್ಕುದಾರರು. ಆದರೆ ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ಆದುದರಿಂದ ಸ್ಟುಡಿಯೋದಲ್ಲಿ ತೆಗೆಸಿದ ಎಷ್ಟೋ ಚಿತ್ರಗಳ ಹಕ್ಕು ನಮ್ಮ ಕುಟುಂಬಗಳಲ್ಲಿಯೇ ಇದೆ. ಅದು ಅವರಿಗೆ ತಿಳಿದಿಲ್ಲ ಅಷ್ಟೆ. 2012ರ ತಿದ್ದುಪಡಿಯ ಬಳಿಕ ಪ್ರಕಟಿತ ಚಿತ್ರದ ಹಕ್ಕು ಛಾಯಾಗ್ರಾಹಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ.

ಛಾಯಾಗ್ರಹಣವನ್ನೇ ಜೀವನೋಪಾಯ ಮಾಡಿಕೊಂಡವರು ಹಿಂಜರಿಯುವುದು ಸಹಜ. ಅವರು ಎಲ್ಲವನ್ನೂ ಕೊಡಬೇಕಿಲ್ಲ. ನೂರರಲ್ಲಿ ಒಂದನ್ನು ಆರಿಸಿ ಕೊಟ್ಟರೂ ದೊಡ್ಡ ಉಪಕಾರ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಇಂತಹ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅದರಿಂದ ವಿಶ್ವವಿದ್ಯಾನಿಲಯದ ಗೌರವ ಕುಂದಲಿಲ್ಲ, ಅಲ್ಲಿಯ ವಿದ್ವಾಂಸರ ಶ್ರಮ ಇನ್ನಷ್ಟು ಮನೆಗಳಿಗೆ ಮುಟ್ಟಲು ದಾರಿಯಾಯಿತು.

ಒಂದು ಎಚ್ಚರಿಕೆಯ ಮಾತೂ ಅಗತ್ಯ. ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳ ಚಿತ್ರಗಳಲ್ಲಿ ರೋಗಿಗಳ ಮುಖಗಳಿರುತ್ತವೆ. ಚಿತ್ರ ತೆಗೆದವರ ಅನುಮತಿ ರೋಗಿಯ ಸಮ್ಮತಿಯಾಗಲಾರದು. ಅಂತಹವನ್ನು ಜಗತ್ತಿನ ಮುಂದಿಡುವ ಮೊದಲು ಅವರನ್ನೂ ಕೇಳುವುದು ಧರ್ಮ.

ಸ್ಮರಣ ಸಂಚಿಕೆಗಾಗಿ ಪ್ರತಿ ವರ್ಷ ಚಿತ್ರಗಳನ್ನು ಸಂಗ್ರಹಿಸುವ ಸಂಘಗಳು ಇನ್ನೊಂದು ಹಾಳೆಯನ್ನೂ ಜೊತೆಗಿಡಲಿ. ಚಿತ್ರ ತೆಗೆದವರು ಯಾರು, ತೆಗೆಸಿದವರು ಯಾರು, ಎಲ್ಲಿ, ಯಾವ ವರ್ಷ, ಸಂಚಿಕೆಗೆ ಮಾತ್ರವೇ ಅಥವಾ ಮುಕ್ತ ಬಳಕೆಗೂ ಒಪ್ಪಿಗೆಯೇ - ಇಷ್ಟನ್ನು ಬರೆಸಿ ಸಹಿ ಪಡೆಯಲು ಐದು ನಿಮಿಷ ಸಾಕು. ಹಿರಿಯರು ಇರುವಾಗಲೇ ಇದು ನಡೆಯಬೇಕು. ಅವರ ಕಾಲಾನಂತರ ಹಕ್ಕು ವಾರಸುದಾರರಿಗೆ ಹಂಚಿಹೋಗುತ್ತದೆ. ಒಬ್ಬರು ಮಂಗಳೂರಿನಲ್ಲಿ, ಒಬ್ಬರು ಪುಣೆಯಲ್ಲಿ, ಮತ್ತೊಬ್ಬರು ದುಬೈಯಲ್ಲಿ. ಅಷ್ಟರಲ್ಲಿ ಚಿತ್ರದಲ್ಲಿರುವವರ ಹೆಸರು ಹೇಳಬಲ್ಲವರೂ ಉಳಿದಿರುವುದಿಲ್ಲ.