ಕಬ್ಬನ್ ಸಾಹೇಬರು ಚೆನ್ನಾಗಿ ಆಳಿದರೆ?

ಕೆರೆಯ ತೂಬು ಕೆಟ್ಟರೆ, ರಸ್ತೆ ಕಿತ್ತುಹೋದರೆ, ತಾಲ್ಲೂಕು ಕಚೇರಿಯಲ್ಲಿ ಕಾಗದ ಮುಂದಕ್ಕೆ ಹೋಗದಿದ್ದರೆ, ನಮ್ಮ ಮಾಸ್ತಿಯ ಕಡೆ ಹಿರಿಯರು ಆಡುವ ಮಾತೊಂದಿದೆ: “ಬಿಳಿಯರ ಕಾಲವೇ ವಾಸಿಯಾಗಿತ್ತು.” ಓದಿದವರು ಇದನ್ನೇ ಸ್ವಲ್ಪ ನಯವಾಗಿ ಹೇಳಿ, ಸಾಕ್ಷಿಗೆ ಸರ್ ಮಾರ್ಕ್ ಕಬ್ಬನ್ ಅವರನ್ನು ಕರೆಯುತ್ತಾರೆ. ೨೦೨೦ರಲ್ಲಿ ಬೆಂಗಳೂರಿನ ಹೈಕೋರ್ಟಿನ ಆವರಣದಿಂದ ಪಾರ್ಕಿಗೆ ಸಾಗಿಸಿದ ಅವರ ಪ್ರತಿಮೆ ಎಲ್ಲಿ ನಿಲ್ಲಬೇಕೆಂಬುದು ನನ್ನ ಚರ್ಚೆಯಲ್ಲ. ಅವರು ಚೆನ್ನಾಗಿ ಆಳಿದರೆ ಎಂಬುದಷ್ಟೇ ಪ್ರಶ್ನೆ.

ಸಲ್ಲಬೇಕಾದುದನ್ನು ಮೊದಲು ಸಲ್ಲಿಸೋಣ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಅವರು ೭೬೯ ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಸುಮಾರು ೧೬೦೦ ಮೈಲಿ ರಸ್ತೆ, ೩೦೯ ಸೇತುವೆಗಳು ಅವರ ಕಾಲದಲ್ಲಾದವು. ಇಷ್ಟಾಗಿಯೂ ಸಂಸ್ಥಾನದ ಹುಟ್ಟುವಳಿ ಸುಮಾರು ೪೪ ಲಕ್ಷ ರೂಪಾಯಿಗಳಿಂದ ೮೨ ಲಕ್ಷಕ್ಕೆ ಏರಿತು. ೧೮೬೦ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸುವ ಏರ್ಪಾಡಾದಾಗ ಅವರು ಅದನ್ನು ವಿರೋಧಿಸಿದರು. ಅವರು ದಕ್ಷರಲ್ಲವೆಂದು ಯಾರೂ ಹೇಳಲಾರರು.

ಆದರೆ ಆ ಪೀಠ ಅವರಿಗೆ ಬಂದ ಬಗೆಯನ್ನೂ ನೋಡಬೇಕಷ್ಟೆ. ನಗರದ ದಂಗೆಯನ್ನು ಮುಂದಿಟ್ಟುಕೊಂಡು ೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನು ಕಿತ್ತುಕೊಂಡರು. ದಂಗೆಯ ಕಾರಣಗಳನ್ನು ವಿಚಾರಿಸಲು ನಾಲ್ವರ ಸಮಿತಿ ನೇಮಕವಾಯಿತು. ಅದರಲ್ಲಿ ಕಬ್ಬನ್ನರೂ ಒಬ್ಬರು. ೧೮೩೩ರ ಆ ವರದಿಯನ್ನು ಕಂಡಮೇಲೆ ಬೆಂಟಿಂಕರೇ ರಾಜ್ಯದ ಒಂದು ಭಾಗವನ್ನು ದೊರೆಗೆ ಹಿಂದಿರುಗಿಸಬಹುದೆಂದು ಶಿಫಾರಸು ಮಾಡಿದರು. ಲಂಡನ್ನಿನ ಯಜಮಾನರು ಒಪ್ಪಲಿಲ್ಲ. ವಿಚಾರಣೆಗೆ ಕುಳಿತವರಲ್ಲೊಬ್ಬರು ಆಸ್ತಿಯ ಪಾರುಪತ್ಯಕ್ಕೆ ಬಂದರು. ಮುಮ್ಮಡಿಯವರು ೧೮೬೮ರಲ್ಲಿ ತೀರಿಕೊಂಡರೂ ರಾಜ್ಯ ಹಿಂದಿರುಗಿರಲಿಲ್ಲ.

ಇನ್ನು ಹಣದ ಮಾತು. ೧೭೯೯ರ ಒಪ್ಪಂದದಂತೆ ಮೈಸೂರು ವರ್ಷವರ್ಷವೂ ಕಂಪನಿಗೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಪ್ಪ ಕೊಡಬೇಕಾಗಿತ್ತು. ಅದು ೪೪ ಲಕ್ಷದ ಹುಟ್ಟುವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು! ಬೊಕ್ಕಸ ತುಂಬಿತೆಂದು ಹೊಗಳುವವರು ಅದರ ಕೀಲಿಕೈ ಯಾರ ಸೊಂಟದಲ್ಲಿತ್ತೆಂದು ಕೇಳುವುದಿಲ್ಲ.

ನನ್ನ ಮುಖ್ಯ ಆಕ್ಷೇಪ ಇದಾವುದೂ ಅಲ್ಲ. ಇಪ್ಪತ್ತೇಳು ವರ್ಷ ಆಳಿದವರು ಯಾರಿಗೆ ಲೆಕ್ಕ ಒಪ್ಪಿಸಿದರು? ಕಲ್ಕತ್ತೆಗೆ. ಮಾಲೂರಿನ ರೈತನಿಗಾಗಲಿ ಮುಳಬಾಗಿಲಿನ ವರ್ತಕನಿಗಾಗಲಿ “ಹೀಗೇಕೆ ಮಾಡಿದಿರಿ?” ಎಂದು ಎದ್ದು ಕೇಳುವ ಒಂದು ಸಭೆ ಇರಲಿಲ್ಲ. ರಾಜ್ಯ ಒಡೆಯರ ಮನೆತನಕ್ಕೆ ಹಿಂದಿರುಗಿದ ೧೮೮೧ರಲ್ಲೇ ದಿವಾನ್ ರಂಗಾಚಾರ್ಲು ಅವರು ೧೪೪ ಮಂದಿಯನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಆ ಸಭೆಗೆ ಅಧಿಕಾರವಿರಲಿಲ್ಲ, ನಿಜ. ಅಹವಾಲು ಹೇಳಲು ಬಾಯಿ ಇತ್ತು. ಆ ಬಾಯಿ ೧೬೦೦ ಮೈಲಿ ರಸ್ತೆಗಿಂತ ದೊಡ್ಡದೆಂದು ನಾನು ತಿಳಿದಿದ್ದೇನೆ. ಅದಿಲ್ಲದ ಕಾಲದಲ್ಲೇ, ೧೮೭೬-೭೮ರ ಕ್ಷಾಮದಲ್ಲಿ, ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಅಳಿದರು. ಅಷ್ಟು ಹೊತ್ತಿಗೆ ಕಬ್ಬನ್ನರು ತೀರಿಕೊಂಡು ಹದಿನೈದು ವರ್ಷ. ಆ ಸಾವುಗಳನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಒಬ್ಬ ದಕ್ಷನನ್ನು ನಂಬಿದ ಆಳ್ವಿಕೆ ಆತ ಹೋದಮೇಲೆ ಪ್ರಜೆಗಳ ಕೈಗೆ ಏನನ್ನೂ ಬಿಟ್ಟಿರುವುದಿಲ್ಲ.

“ಈಗ ಸಭೆಗಳು ಎಷ್ಟೋ ಇವೆ, ಕೆರೆಯ ಹೂಳು ಹಾಗೇ ಇದೆಯಲ್ಲ?” ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಇಂದು ಹೂಳಿಗೆ ಹೊಣೆ ಯಾರೆಂದು ಗ್ರಾಮಸಭೆಯಲ್ಲಿ ಹೆಸರು ಹಿಡಿದು ಕೇಳಬಹುದು. ಕೇಳಲು ಹೋಗದೆ ಮನೆಯಲ್ಲಿ ಕುಳಿತು, ಇನ್ನೊಬ್ಬ ಕಬ್ಬನ್ ಬರಲೆಂದು ಹಾರೈಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಬ್ಬನ್ ಸಾಹೇಬರು ಒಳ್ಳೆಯ ಅಧಿಕಾರಿ, ಒಪ್ಪಿದೆ. ಚೆನ್ನಾಗಿ ಆಳಿದರೆನ್ನುವುದಕ್ಕೆ ಆಳಿಸಿಕೊಂಡವರ ಮಾತು ಬೇಕು. ಅದನ್ನು ಅವರು ಕೇಳಲೇ ಇಲ್ಲ.