ಮನೆಯೊಳಗಿನ ಕೈಗೆಲಸ: ಧ್ವನಿವರ್ಧಕಕ್ಕೆ ಎಂಥ ಪೆಟ್ಟಿಗೆ ಬೇಕು?

ತಂಬೂರಿಯ ತಂತಿ ಎಷ್ಟೇ ಉತ್ತಮವಾಗಿದ್ದರೂ ಕೆಳಗೆ ತಕ್ಕ ಬುರುಡೆಯಿಲ್ಲದಿದ್ದರೆ ನಾದವು ತುಂಬಿ ಬರುವದಿಲ್ಲ. ಮಿರಜದ ವಾದ್ಯಗಾರರು ಒಳ್ಳೆಯ ಬುರುಡೆಗಾಗಿ ಅಷ್ಟೊಂದು ಹುಡುಕಾಡುವದು ಇದಕ್ಕಾಗಿಯೇ. ಧ್ವನಿವರ್ಧಕಕ್ಕೂ ಅದರ ಪೆಟ್ಟಿಗೆಗೂ ಇರುವ ಸಂಬಂಧವು ಇಂಥದೇ. ಆದರೆ ಒಂದು ಭೇದವುಂಟು. ತಂಬೂರಿಯ ಬುರುಡೆಯು ತಾನೂ ನುಡಿಯಬೇಕು. ಸ್ಪೀಕರಿನ ಪೆಟ್ಟಿಗೆಯಾದರೋ ತಾನು ಸುಮ್ಮನಿದ್ದು, ಒಳಗಿನ ಗಾಳಿಯಿಂದ ಮಾತ್ರ ಕೆಲಸ ಮಾಡಿಸಬೇಕು. ಈ ಭೇದವನ್ನು ಮರೆತವರೇ ಹಣವನ್ನೂ ಹಲಗೆಯನ್ನೂ ಹಾಳುಮಾಡಿಕೊಳ್ಳುತ್ತಾರೆ.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಿರಾಣಿ ವ್ಯಾಪಾರ ಮಾಡುವ ನಮ್ಮ ಪರಿಚಯದ ಗೃಹಸ್ಥರೊಬ್ಬರು ತಮ್ಮ ವೃದ್ಧ ತಂದೆಯವರ ಸಲುವಾಗಿ ಧ್ವನಿವರ್ಧಕವೊಂದನ್ನು ಕೈಯಾರೆ ಕಟ್ಟಿದರು. ತಂದೆಯವರಿಗೆ ಕಿವಿ ಮಂದವಾಗಿದೆ. 1950ನೆಯ ಜನವರಿ 8ರಂದು ಆರಂಭವಾದ ಧಾರವಾಡದ ಆಕಾಶವಾಣಿಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದವರು. ಮಗನು ಚಿತ್ರ ನೋಡಿ, ಮುಂಭಾಗದಲ್ಲಿ ಕೊಳವೆಯುಳ್ಳ ಪೆಟ್ಟಿಗೆಯನ್ನು ಮಾಡಿಸಿದನು. ಹಾಡು ಗಂಭೀರವಾಗಿ ಮೊಳಗಿತು, ಮನೆಮಂದಿಯೆಲ್ಲ ಮೆಚ್ಚಿದರು. ಮುದುಕರು ಮಾತ್ರ ಎರಡು ದಿನ ಕೇಳಿ, “ತಮ್ಮಾ, ಯಾರೋ ಕೊಡದಾಗ ಕುಂತು ಮಾತಾಡಿದಂಗ ಆಗತೈತಿ. ದನಿ ಕೇಳತೈತಿ, ಮಾತು ತಿಳಿಯೂದಿಲ್ಲ,” ಎಂದು ಎದ್ದು ಹೋದರು. ಇನ್ನು ಇವರ ಕಿವಿಯೇ ಹೋಯಿತೆಂದು ಮನೆಯವರು ನಿರಾಶರಾದರು. ನಿಜವಾಗಿ ತಪ್ಪಿದ್ದುದು ಕಿವಿಯೊಂದರದೇ ಅಲ್ಲ.

ಮೊದಲು ಪೆಟ್ಟಿಗೆಯಾದರೂ ಏಕೆ ಬೇಕೆಂಬುದನ್ನು ನೋಡೋಣ. ಸ್ಪೀಕರಿನ ಕಾಗದದ ಶಂಕುವು ಮುಂದೆ ನೂಕಿದಾಗ ಎದುರಿನ ಗಾಳಿ ಒತ್ತಾಗುತ್ತದೆ. ಅದೇ ಗಳಿಗೆಯಲ್ಲಿ ಬೆನ್ನ ಹಿಂದಿನ ಗಾಳಿ ತೆಳ್ಳಗಾಗುತ್ತದೆ. ಇವೆರಡೂ ಅಂಚನ್ನು ಸುತ್ತಿ ಬಂದು ಕೂಡಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಸೆಕೆಂಡಿಗೆ 100 ಕಂಪನಗಳ ಮಂದ್ರಸ್ವರದ ಅಲೆಯು ಸುಮಾರು 3.4 ಮೀಟರು ಉದ್ದ. ಅಂಗೈಯಗಲದ ಸ್ಪೀಕರು ಅದನ್ನು ತಡೆಯಬಲ್ಲುದೇ? ಆದುದರಿಂದಲೇ ಬರಿಯ ಸ್ಪೀಕರು ಕೀಚಲಾಗಿ ಕೇಳುತ್ತದೆ. ಅಗಲವಾದ ಹಲಗೆಯಲ್ಲಿ ಅದನ್ನು ಕೂಡ್ರಿಸುವದು ಮೊದಲನೆಯ ಉಪಾಯ. ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ಇಂದಿನ ಮಾದರಿಯ ಸ್ಪೀಕರನ್ನು ಲೋಕಕ್ಕೆ ತಿಳಿಸಿದಾಗ ಇಂಥ ತಡೆಹಲಗೆಯ ಮಹತ್ವವನ್ನೂ ತೋರಿಸಿಕೊಟ್ಟರು. ಆದರೆ ಮಂದ್ರವನ್ನು ಉಳಿಸುವಷ್ಟು ದೊಡ್ಡ ಹಲಗೆಗೆ ಪೇಟೆಯ ಇಕ್ಕಟ್ಟಿನ ಮನೆಯಲ್ಲಿ ಎಡೆಯೆಲ್ಲಿ?

ಎರಡನೆಯದು ಮುಚ್ಚಿದ ಪೆಟ್ಟಿಗೆ. ಬೆನ್ನಿನ ಧ್ವನಿಯನ್ನು ಒಳಗೇ ಸೆರೆಹಿಡಿಯುವದು ಇದರ ಕ್ರಮ. ಒಳಗಿನ ಗಾಳಿಯು ಮೆತ್ತನೆಯ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದಿರುತ್ತದೆ. ಪೆಟ್ಟಿಗೆ ಕಿರಿದಾದಷ್ಟೂ ಹಿಡಿತ ಬಿಗಿ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಈ ಗಾಳಿಯ ಸ್ಪ್ರಿಂಗನ್ನೇ ಮುಖ್ಯ ಆಧಾರವಾಗಿ ಮಾಡಿ, ಸಣ್ಣ ಪೆಟ್ಟಿಗೆಯಿಂದಲೂ ಶುದ್ಧವಾದ ಮಂದ್ರವನ್ನು ಹೊರಡಿಸಿ ತೋರಿಸಿದರು.

ಮೂರನೆಯದು ಕೊಳವೆಯ ಪೆಟ್ಟಿಗೆ. ಆಲ್ಬರ್ಟ್ ಥುರಾಸ್ ಎಂಬವರಿಗೆ ಇದರ ಪೇಟೆಂಟು 1932ರಲ್ಲಿ ದೊರೆಯಿತು. ಖಾಲಿ ಕೊಡದ ಬಾಯಿಗೆ ಅಡ್ಡವಾಗಿ ಊದಿದರೆ ಒಂದೇ ಸ್ವರ ಹೊರಡುವದಷ್ಟೆ? ನೀರು ತುಂಬಿದಂತೆ ಆ ಸ್ವರ ಏರುತ್ತದೆ. ಕೊಳವೆಯ ಪೆಟ್ಟಿಗೆಯೂ ಒಂದು ಕೊಡವೇ. ಒಳಗಿನ ಅವಕಾಶ ಹಿರಿದಾದಷ್ಟೂ, ಕೊಳವೆ ಉದ್ದವೂ ಕಿರಿಬಾಯಿಯದೂ ಆದಷ್ಟೂ ಅದರ ಸ್ವರ ಕೆಳಗಿಳಿಯುತ್ತದೆ. ಆ ಸ್ವರದ ಆಸುಪಾಸಿನಲ್ಲಿ ಕೊಳವೆಯು ಶಂಕುವಿಗೆ ನೆರವಾಗಿ ಮಂದ್ರವನ್ನು ತುಂಬಿಕೊಡುತ್ತದೆ. ಆದರೆ ಅದಕ್ಕಿಂತ ಕೆಳಗೆ ಶಂಕುವಿಗೆ ಗಾಳಿಯ ಆಸರೆ ತಪ್ಪುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಸಪ್ತಕಕ್ಕೆ 12 ಡೆಸಿಬೆಲಿನಂತೆ ಧ್ವನಿಯಿಳಿದರೆ ಇಲ್ಲಿ 24ರಂತೆ ಕುಸಿಯುತ್ತದೆ. ಲೆಕ್ಕ ತಪ್ಪಿದರೆ ಒಂದೇ ಸ್ವರವು ಗುಮ್ಮೆಂದು ಉಳಿದೆಲ್ಲವನ್ನೂ ನುಂಗುತ್ತದೆ. ಜಾತ್ರೆಯ ತಗಡಿನ ಕಹಳೆಯೂ ಒಂದು ಬಗೆಯೇ. ಬಯಲಿಗೆ ಅದು ಸರಿ, ಪಡಸಾಲೆಗೆ ಬೇಡ.

ಹಾಗಾದರೆ ಆರಿಸುವದು ಹೇಗೆ? ನೋಟದಿಂದಲ್ಲ, ಲೆಕ್ಕದಿಂದ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ಅವರ ಬಳಿಕ ರಿಚರ್ಡ್ ಸ್ಮಾಲ್ ಅವರು 1970ರ ದಶಕದಲ್ಲಿಯೂ ಈ ಗಣಿತವನ್ನು ಸುಲಭಗೊಳಿಸಿದರು. ಒಳ್ಳೆಯ ಸ್ಪೀಕರಿನೊಡನೆ ಬರುವ ಕಾಗದದಲ್ಲಿ ಮೂರು ಅಂಕೆಗಳನ್ನು ಹುಡುಕಿರಿ. ‘ಎಫ್-ಎಸ್’ ಎಂಬುದು ಶಂಕುವಿನ ಸಹಜ ಸ್ವರ. ‘ವಿ-ಎ-ಎಸ್’ ಎಂಬುದು ಅದರ ತೂಗುಪಟ್ಟಿಯಷ್ಟೇ ಬಿಗಿಯಿರುವ ಗಾಳಿಯ ಪ್ರಮಾಣ, ಲೀಟರುಗಳಲ್ಲಿ. ‘ಕ್ಯೂ-ಟಿ-ಎಸ್’ ಎಂಬುದು ನೂಕು ನಿಂತ ಮೇಲೆ ಶಂಕುವು ಎಷ್ಟು ಹೊತ್ತು ತೂಗಾಡುವದೆಂಬುದರ ಅಳತೆ. ಈ ಕಡೆಯ ಅಂಕೆಯು ಸುಮಾರು 0.4ಕ್ಕಿಂತ ಕಡಿಮೆಯಿದ್ದರೆ ಕೊಳವೆಯ ಪೆಟ್ಟಿಗೆ ಒಗ್ಗುವದು, 0.4ರಿಂದ 0.7ರ ವರೆಗಿದ್ದರೆ ಮುಚ್ಚಿದ ಪೆಟ್ಟಿಗೆ. ಅದಕ್ಕೂ ಮಿಕ್ಕಿದ್ದರೆ ತೆರೆದ ಹಲಗೆ. ಇದು ವೇದವಾಕ್ಯವಲ್ಲ, ಆದರೆ ಒಳ್ಳೆಯ ಕೈಮರ.

ನಮ್ಮ ವ್ಯಾಪಾರಿಗಳ ಕಾಗದವನ್ನು ತೆಗೆಸಿ ನೋಡಿದೆವು. ಎಫ್-ಎಸ್ 50, ವಿ-ಎ-ಎಸ್ 20 ಲೀಟರು, ಕ್ಯೂ-ಟಿ-ಎಸ್ 0.5, ಪೆಟ್ಟಿಗೆಯ ಒಳ ಅಳತೆಯೂ ಸುಮಾರು 20 ಲೀಟರೇ. ಇಂಥ ಸ್ಪೀಕರಿಗೆ ಕೊಳವೆ ಹಾಕಿದುದೇ ಗುಮ್ಮನೆಯ ಮೂಲ. ಮುಚ್ಚಿದ ಪೆಟ್ಟಿಗೆಯ ಲೆಕ್ಕ ಹೀಗಿದೆ: ವಿ-ಎ-ಎಸ್ ಅನ್ನು ಪೆಟ್ಟಿಗೆಯ ಲೀಟರುಗಳಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ಇಲ್ಲಿ ಎರಡರ ವರ್ಗಮೂಲ, ಅಂದರೆ 1.41. ಇದರಿಂದ ಗುಣಿಸಿದರೆ ಸ್ವರವು 50ರಿಂದ 71ಕ್ಕೇರುವದು, ತೂಗಾಟದ ಅಂಕೆ 0.5ರಿಂದ 0.7ಕ್ಕೆ. ಈ 0.7ರ ಹತ್ತಿರವೇ ಧ್ವನಿಯು ಉಬ್ಬದೆ ಸಮನಾಗಿ ಇಳಿಯುವದು. ಗಂಡಸರ ಮಾತಿನ ಮೂಲಸ್ವರವು ಸಾಮಾನ್ಯವಾಗಿ 100ರ ಆಚೆ ಈಚೆ, ಹೆಂಗಸರದು 200ರ ಸಮೀಪ. ವಾರ್ತೆಗೂ ಭಜನೆಗೂ ಇಷ್ಟು ಸಾಕು.

ಇದರಲ್ಲಿ ವೃದ್ಧರ ಹಿತವೂ ಅಡಗಿದೆ. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಮಾಸುವದು ಮೇಲಿನ ಸ್ವರಗಳು. ಸ, ಶ, ತ, ಕಗಳಂಥ ವ್ಯಂಜನಗಳ ಗುರುತು ಅಲ್ಲಿಯೇ ಇದೆ. ಕೆಳಗಿನ ಸ್ವರದ ಅಬ್ಬರವು ಮೇಲಿನದನ್ನು ಮರೆಮಾಡುವದು ಎಲ್ಲರ ಕಿವಿಗೂ ಸಹಜವಾದ ಧರ್ಮ. ಮುದುಕರಿಗೆ “ದನಿ ಕೇಳತೈತಿ, ಮಾತು ತಿಳಿಯೂದಿಲ್ಲ” ಎನಿಸಿದುದು ಇದರಿಂದಲೇ. ಗೋಡೆಯ ಮೂಲೆಯಲ್ಲಿಟ್ಟರೆ ಮಂದ್ರ ಇನ್ನಷ್ಟು ಉಬ್ಬುವದು. ಆದುದರಿಂದ ಮೂಲೆಯಿಂದ ದೂರ, ಕಿವಿಯ ಮಟ್ಟಕ್ಕೆ ಇಡತಕ್ಕದ್ದು.

ಹಲಗೆಯ ವಿಷಯ. ಖಾನಾಪುರದ ಕಡೆಯ ಸಾಗವಾನಿ ಬಾಗಿಲಿಗೆ ಭೂಷಣ. ಪೆಟ್ಟಿಗೆಗೆ ಮಾತ್ರ ಅಗಲವಾದ ಇಡೀ ಹಲಗೆ ಬೇಡ. ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವದರಿಂದ ಸಂದು ಬಿಡುತ್ತದೆ, ಸಂದಿನಿಂದ ಗಾಳಿ ಸೀಟಿಯಿಡುತ್ತದೆ. ಹೊಟ್ಟಿನ ಹಲಗೆಯು ಖಾನಾಪುರದ ಮಳೆಗೆ ಉಬ್ಬಿಹೋಗುತ್ತದೆ. ನೀರು ತಾಳುವ 18 ಮಿಲಿಮೀಟರಿನ ಪ್ಲೈವುಡ್ಡೇ ಲೇಸು. ಒಳ ಅಳತೆ 22, 27, 34 ಸೆಂಟಿಮೀಟರು ಇಟ್ಟರೆ 20 ಲೀಟರು ಬರುತ್ತದೆ. ಮೂರು ಬದಿಗಳೂ ಸಮವಾಗಿದ್ದರೆ ಒಂದೇ ಸ್ವರ ಒಳಗೆ ಮಾರ್ದನಿಗೊಳ್ಳುವದು. ಬೆರಳಿನಿಂದ ತಟ್ಟಿದರೆ ‘ಟಕ್’ ಎನ್ನಬೇಕು, ‘ಢಂ’ ಎಂದರೆ ಒಳಗೆ ಅಡ್ಡಪಟ್ಟಿ ಕೂಡ್ರಿಸಿರಿ. ಕುಂಬಾರರ ಗುಂಡನೆಯ ಗಡಿಗೆಯೂ ಆಕಾರದಿಂದ ಕೆಟ್ಟದ್ದಲ್ಲ. ಅಂಚುಗಳಿಲ್ಲದ ಗೋಲವೇ ಧ್ವನಿಗೆ ಸಮನಾದುದೆಂದು ಹ್ಯಾರಿ ಓಲ್ಸನ್ ಎಂಬ ವಿಜ್ಞಾನಿ 1950ರ ಸುಮಾರಿಗೆ ಅಳೆದು ತೋರಿಸಿದ್ದಾರೆ. ಆದರೆ ಗಡಿಗೆ ತಾನೇ ನುಡಿಯುತ್ತದೆ. ಒಳಗೆ ದಪ್ಪನೆಯ ಬಟ್ಟೆ ಅಂಟಿಸದೆ ಉಪಯೋಗಿಸಬಾರದು. ಇನ್ನು ಕಾಳುಕಡಿಯ ಪೇಟೆಯಲ್ಲಿ ಕೊಳವೆಯ ಪೆಟ್ಟಿಗೆಯನ್ನೇ ಇಡುವವರು ಅದರ ಒಳಬಾಯಿಗೆ ಜಾಳಿಗೆ ಹಾಕಲು ಮರೆಯಬಾರದು; ಇಲಿಗೆ ಅದಕ್ಕಿಂತ ಬೆಚ್ಚನೆಯ ಮನೆ ಬೇರೆ ದೊರೆಯದು.

ನಮ್ಮ ವ್ಯಾಪಾರಿಗಳು ಹೊಸ ಪೆಟ್ಟಿಗೆ ಮಾಡಿಸಲಿಲ್ಲ. ಬಡಿಗರಿಂದ ಮರದ ಬಿರಡೆ ಮಾಡಿಸಿ ಕೊಳವೆಯ ಬಾಯಿಗೆ ಅಂಟು ಹಚ್ಚಿ ಬಿಗಿದರು, ಒಳಗೆ ಸಡಿಲಾಗಿ ಅರಳೆ ತುಂಬಿದರು, ಪೆಟ್ಟಿಗೆಯನ್ನು ಮೂಲೆಯಿಂದ ಎತ್ತಿ ತಂದೆಯವರ ಮಂಚದ ಎದುರಿನ ಮಣೆಯ ಮೇಲಿಟ್ಟರು. ಆಂಪ್ಲಿಫಾಯರಿನ ತಂತಿ ಬಿಚ್ಚಿ, ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಕ್ಷಣಮಾತ್ರ ತಾಗಿಸಿ ನೋಡಿದೆವು: ಮೊದಲು ‘ಬುಂ’ ಎಂದು ಎಳೆಯುತ್ತಿದ್ದುದು ಈಗ ‘ಟಪ್’ ಎಂದು ನಿಂತಿತು. ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದು.

ಸಂಜೆ ವಾರ್ತೆ ಮುಗಿದ ಮೇಲೆ ಮುದುಕರು ಮಗನನ್ನು ಕರೆದು, ಎಲ್ಲೆಲ್ಲಿ ಮಳೆಯಾಗಿದೆಯೆಂಬುದನ್ನು ತಾವೇ ಹೇಳಿದರು. ಅವರ ಕಿವಿಯೇನೂ ಮರಳಿ ಬಂದಿಲ್ಲ. ವೈದ್ಯರಿಗೆ ತೋರಿಸುವದು ತಪ್ಪಿಲ್ಲ. ಆದರೆ ಮನೆಯ ಮಾತುಕತೆಯಲ್ಲಿ ಅವರಿಗೆ ಮತ್ತೆ ಪಾಲು ದೊರೆಯಿತು. ಪೆಟ್ಟಿಗೆಯನ್ನು ಆರಿಸುವ ಮೊದಲು ಸ್ಪೀಕರಿನ ಅಂಕೆಯನ್ನು ನೋಡಿರಿ; ಅದಕ್ಕೂ ಮೊದಲು, ಕೇಳುವವರು ಯಾರೆಂಬುದನ್ನು ನೋಡಿರಿ.